ಸಂತ ಮರಿಯ ದ್ವೀಪ ಮತ್ತು ಕಾಪು ದೀಪಸ್ತಂಭ: ಒಂದೇ ದಿನದಲ್ಲಿ ಮೂರು ಸುಲಭ ನಡಿಗೆಗಳು

ಕ್ರಿಸ್ಮಸ್ ರಜೆ ಅಥವಾ ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ "ಈ ಸಲ ಪ್ರವಾಸ ಎಲ್ಲಿಗೆ?" ಎಂಬ ಮಾತು ಶುರುವಾಗುತ್ತದೆ. ಕ್ರೈಸ್ತ ಶಿಕ್ಷಣದ ಮಕ್ಕಳು, ಯುವಜನರು, ಸ್ತ್ರೀ ಸಂಘಟನೆಯ ಸದಸ್ಯೆಯರು, ವಾಳೆಯ ಕುಟುಂಬಗಳು, ಹೀಗೆ ಎಲ್ಲರಿಗೂ ಹೊಂದುವ, ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದಾದ ಜಾಗ ಬೇಕು. ಅಂಥ ಜಾಗಗಳಲ್ಲಿ ಮಲ್ಪೆಯ ಎದುರಿನ ಸಂತ ಮರಿಯ ದ್ವೀಪ ಮೊದಲಿನದು. ಅದರ ಜೊತೆಗೆ ಮಲ್ಪೆಯ ಸಮುದ್ರ ನಡಿಗೆ ಪಥ ಮತ್ತು ಕಾಪುವಿನ ದೀಪಸ್ತಂಭವನ್ನೂ ಸೇರಿಸಿಕೊಂಡರೆ ಒಂದು ದಿನ ತುಂಬುತ್ತದೆ.

ಈ ಮೂರೂ ಕಡೆ ನಡಿಗೆ ಸುಲಭ. ಬೆಟ್ಟ ಹತ್ತುವುದಿಲ್ಲ, ಕಾಡು ದಾಟುವುದಿಲ್ಲ, ಏಳು ವರ್ಷದ ಮಗುವೂ ಎಪ್ಪತ್ತು ವರ್ಷದ ಅಜ್ಜಿಯೂ ನಡೆಯಬಹುದು. ಆದರೆ ನಡಿಗೆ ಸುಲಭ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ಅರ್ಥವಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಕೇರಳದಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ಸಮುದ್ರದ ಪಾಲಾದರು. ಅವರೂ ನಮ್ಮ ಮಕ್ಕಳಂತೆ ನಗುನಗುತ್ತಾ ದೋಣಿ ಹತ್ತಿದವರೇ. ಆದ್ದರಿಂದ ಈ ಲೇಖನದಲ್ಲಿ ನೋಡಬೇಕಾದ್ದರ ಜೊತೆಗೆ ಪಾಲಿಸಬೇಕಾದ್ದನ್ನೂ ಒಟ್ಟಿಗೆ ಕೊಡಲಾಗಿದೆ. ಪ್ರವಾಸದ ಹೊಣೆ ಹೊತ್ತವರು ಎರಡನ್ನೂ ಓದಬೇಕಾಗಿ ವಿನಂತಿ.

ದ್ವೀಪದ ಪರಿಚಯ

ಉಡುಪಿ ನಗರದಿಂದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿ ಮಲ್ಪೆ ಇದೆ. ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಅದು ಒಂದು. ಅಲ್ಲಿಂದ ದೋಣಿಯಲ್ಲಿ ಹೋದರೆ ಸಂತ ಮರಿಯ ದ್ವೀಪ ಸಿಗುತ್ತದೆ. ಜನರ ಬಾಯಲ್ಲಿ ಇದು ಸೈಂಟ್ ಮೇರೀಸ್ ಐಲ್ಯಾಂಡ್. ತೋನ್ಸೆಪಾರ್ ಎಂಬ ಹೆಸರೂ ಇದಕ್ಕಿದೆ.

ನಾವು ಒಂದು ದ್ವೀಪ ಎಂದು ಹೇಳಿದರೂ ನಿಜವಾಗಿ ಇದು ದ್ವೀಪಗಳ ಸಾಲು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಢ, ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯವಾದವು. ಉಳಿದವು ಸಣ್ಣಪುಟ್ಟ ಬಂಡೆಗಳು. ಇವು ಕರಾವಳಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಹಬ್ಬಿವೆ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಇದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಅತಿ ಎತ್ತರದ ಜಾಗವೂ ಸಮುದ್ರ ಮಟ್ಟದಿಂದ ಸುಮಾರು 10 ಮೀಟರ್ ಮಾತ್ರ. ಇಲ್ಲಿ ಜನವಸತಿ ಇಲ್ಲ, ರಾತ್ರಿ ಉಳಿಯಲು ಅವಕಾಶವೂ ಇಲ್ಲ.

ದರಿಯಾ ಬಹದ್ದೂರ್‌ಗಢದಲ್ಲಿ ಬಿದನೂರಿನ ಬಸಪ್ಪ ನಾಯಕ ಒಂದು ಕೋಟೆ ಕಟ್ಟಿಸಿದ್ದ. ಕೆಳದಿ ಅರಸರ ಕಾಲದಲ್ಲಿ ಈ ಸಮುದ್ರದ ಮೇಲೆ ಕಣ್ಣಿಡಲು ದ್ವೀಪಗಳು ಬೇಕಾಗಿದ್ದವು ಎಂಬುದಕ್ಕೆ ಅದು ಸಾಕ್ಷಿ.

ಹೆಸರು ಬಂದ ಬಗೆ

"ವಾಸ್ಕೋ ಡ ಗಾಮ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಇಲ್ಲಿ, ಆಮೇಲೆ ಕಲ್ಲಿಕೋಟೆಗೆ ಹೋದ" ಎಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತೇವೆ. ಆದರೆ ಆ ಯಾನದಲ್ಲೇ ಇದ್ದವರೊಬ್ಬರು ಬರೆದಿಟ್ಟ ದಿನಚರಿಯ ಪ್ರಕಾರ ಕ್ರಮ ಬೇರೆ. ಗಾಮನ ಹಡಗುಗಳು ಕಲ್ಲಿಕೋಟೆಯ ತೀರ ಸೇರಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿ ಸಾಮೂದಿರಿ ಅರಸನೊಡನೆ ವ್ಯವಹಾರ ಸರಿಹೋಗದೆ ಆಗಸ್ಟ್ ಕೊನೆಯಲ್ಲಿ ಅವರು ಹಿಂದಿರುಗಿ ಹೊರಟರು. ತೀರದ ಉದ್ದಕ್ಕೂ ಉತ್ತರಾಭಿಮುಖವಾಗಿ ಸಾಗುತ್ತಿದ್ದಾಗ, 1498ರ ಸೆಪ್ಟೆಂಬರ್ 15ರಂದು ದಡಕ್ಕೆ ಹತ್ತಿರವಿದ್ದ ಸಣ್ಣ ದ್ವೀಪವೊಂದರಲ್ಲಿ ಕಲ್ಲಿನ ಕಂಬ ನೆಟ್ಟು ಅದಕ್ಕೆ 'ಸಾಂತಾ ಮರಿಯ' ಎಂದು ಹೆಸರಿಟ್ಟರು.

ಪೋರ್ಚುಗಲ್ ಅರಸನ ಅಪ್ಪಣೆಯಂತೆ ಆ ಯಾನದಲ್ಲಿ ನೆಡಬೇಕಾಗಿದ್ದ ಕಂಬಗಳು ಮೂರು. ಒಂದು ಸಂತ ರಫಾಯೇಲರ ಹೆಸರಿನದು, ಒಂದು ಸಂತ ಗಬ್ರಿಯೇಲರ ಹೆಸರಿನದು, ಮೂರನೆಯದು ಮಾತೆ ಮರಿಯಳ ಹೆಸರಿನದು. ಆ ಮೂರನೆಯ ಕಂಬ ನಿಂತದ್ದು ಮಲ್ಪೆಯ ಎದುರಿನ ಈ ದ್ವೀಪಗಳಲ್ಲಿ ಎಂದು ಇತಿಹಾಸ ಬರೆದವರು ಗುರುತಿಸುತ್ತಾ ಬಂದಿದ್ದಾರೆ. ಇಲ್ಲಿಂದ ಮುಂದೆ ಅವರು ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ತಂಗಿ ಹಡಗುಗಳನ್ನು ದುರಸ್ತಿ ಮಾಡಿಕೊಂಡರು. ಆದ್ದರಿಂದ ನಮ್ಮ ದ್ವೀಪ ಗಾಮನ ಆಗಮನದ ನೆನಪಲ್ಲ, ಮರುಪಯಣದ ನೆನಪು.

ಇನ್ನೊಂದು ವಿಷಯ. ಹೆಸರು ಮಾತೆ ಮರಿಯಳದಾದರೂ ದ್ವೀಪದಲ್ಲಿ ಚರ್ಚ್ ಇಲ್ಲ, ಇದು ತೀರ್ಥಕ್ಷೇತ್ರವೂ ಅಲ್ಲ. ಭಾನುವಾರ ಹೋಗುವ ಗುಂಪುಗಳು ತಮ್ಮ ಧರ್ಮಕೇಂದ್ರದಲ್ಲಿ ಬೆಳಗ್ಗಿನ ಬಲಿಪೂಜೆ ಮುಗಿಸಿಕೊಂಡೇ ಹೊರಡುವುದು ಒಳ್ಳೆಯದು. ದಾರಿಯಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಪ್ರಧಾನಾಲಯವನ್ನು ಸಂದರ್ಶಿಸಬಹುದು. 1678ರಲ್ಲಿ ಸ್ಥಾಪನೆಯಾದ ಈ ದೇವಾಲಯ 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ರಚನೆಯಾದಾಗ ಅದರ ಪ್ರಧಾನಾಲಯವಾಯಿತು.

ಕಲ್ಲುಗಳ ಕಥೆ

ದ್ವೀಪದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಒಟ್ಟೊಟ್ಟಾಗಿ ನಿಂತ ಕಲ್ಲಿನ ಕಂಬಗಳು. ಯಾರೋ ಶಿಲ್ಪಿಗಳು ಕೆತ್ತಿ ಜೋಡಿಸಿದಂತೆ ಕಾಣುತ್ತವೆ. ಆದರೆ ಇವು ತಾನಾಗಿ ಆದವು. ಭೂಮಿಯ ಒಳಗಿನಿಂದ ಉಕ್ಕಿದ ಲಾವಾರಸ ತಣ್ಣಗಾಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಟ್ಟು ಚೌಕ, ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಆದದ್ದೂ ಅದೇ. ವ್ಯತ್ಯಾಸವೆಂದರೆ ಲಾವಾ ಮೇಲಿನಿಂದಲೂ ಕೆಳಗಿನಿಂದಲೂ ತಣಿಯುತ್ತಾ ಹೋದಂತೆ ಬಿರುಕುಗಳು ಆಳಕ್ಕೆ ಇಳಿದು ಇಡೀ ಬಂಡೆಯನ್ನು ಕಂಬಗಳಾಗಿ ಸೀಳಿದವು. ಐದು, ಆರು, ಏಳು ಮುಖದ ಕಂಬಗಳು ಇಲ್ಲಿವೆ. ಎತ್ತರದವು ಸುಮಾರು 6 ಮೀಟರ್ ಇವೆ. ಮಕ್ಕಳಿಗೆ ಮುಖಗಳನ್ನು ಎಣಿಸುವ ಕೆಲಸ ಕೊಟ್ಟರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಈ ಲಾವಾ ಹರಿದದ್ದು ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ. ಆಗ ಭಾರತದ ಭೂಭಾಗಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ಬೇರ್ಪಡುವ ಹೊತ್ತಿನಲ್ಲಿ ಭೂಮಿ ಸೀಳಿದ ಕಡೆ ಲಾವಾ ಉಕ್ಕಿತು. ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲೂ ಇವೆ. ಇಂದು ನಮ್ಮ ತೀರಕ್ಕೂ ಆ ದ್ವೀಪಕ್ಕೂ ನಡುವೆ ಸುಮಾರು ನಾಲ್ಕು ಸಾವಿರ ಕಿ.ಮೀ. ಸಮುದ್ರವಿದೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಕಪ್ಪು ಕಲ್ಲು, ಕರಿಮಣ್ಣಿಗೆ ಕಾರಣವಾದ ದಖನ್ ಲಾವಾ ಹರಿದದ್ದು ಇದಕ್ಕಿಂತ ಬಹಳ ಈಚೆಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಹಾಗಾಗಿ ಇವೆರಡನ್ನು ಒಂದೇ ಎಂದು ತಿಳಿಯಬಾರದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಕಂಬಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಶಿಲೆಗಳು ಇದೇ ಮನ್ನಣೆ ಪಡೆದ ರಾಜ್ಯದ ಇತರ ತಾಣಗಳು. ಆದ್ದರಿಂದ ಕಂಬಗಳ ಮೇಲೆ ಹೆಸರು ಕೆತ್ತುವುದು, ಚೂರು ಒಡೆದು ನೆನಪಿಗೆಂದು ಮನೆಗೆ ತರುವುದು ಎಳೆಯರಿಗೂ ದೊಡ್ಡವರಿಗೂ ಸಲ್ಲದು.

ಹೋಗಲು ಸರಿಯಾದ ಕಾಲ

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ. ಸಮುದ್ರ ತಣಿದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ನಡುವೆ ಹೋಗಬಹುದು. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಎಲ್ಲಕ್ಕಿಂತ ಉತ್ತಮ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ಕಡು, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಮೇ ಕೊನೆಗೆ ಅಲೆಗಳೂ ದೊಡ್ಡವಾಗುತ್ತವೆ.

ಋತು ಸರಿಯಿದ್ದರೂ ಆ ದಿನ ಸಮುದ್ರ ಹೇಗಿದೆ ಎಂಬುದೇ ಮುಖ್ಯ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾದರೆ ಅಕ್ಟೋಬರ್ ನವೆಂಬರ್‌ನಲ್ಲೂ ದೋಣಿ ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆ ಮತ್ತು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನು ನೋಡಿಕೊಳ್ಳಿ. ದೋಣಿಯವರು "ಇವತ್ತು ಬೇಡ" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಬಸ್ಸಿಗೆ ಹಣ ಕೊಟ್ಟಾಗಿದೆ, ಮಕ್ಕಳು ಆಸೆಯಿಂದ ಬಂದಿದ್ದಾರೆ ಎಂದು ಒತ್ತಾಯಿಸಬಾರದು.

ಸಮುದ್ರದ ಉಬ್ಬರ ಇಳಿತವನ್ನೂ ಗಮನಿಸಬೇಕು. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸರಿಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ, ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ನೀರೊಳಗೆ ಇರಬಹುದು. ಇಳಿತದ ಹೊತ್ತಿಗೆ ದ್ವೀಪದಲ್ಲಿರುವಂತೆ ಯೋಜನೆ ಹಾಕಿಕೊಂಡರೆ ನಡೆಯಲು ಹೆಚ್ಚು ಮರಳು ಸಿಗುತ್ತದೆ.

ಮೊದಲ ನಡಿಗೆ: ತೆಂಗಿನ ದ್ವೀಪಕ್ಕೆ ಒಂದು ಸುತ್ತು

ದೂರ: ಸುಮಾರು ಒಂದು ಕಿ.ಮೀ. ಸಮಯ: ನಿಧಾನವಾಗಿ ನಡೆದರೆ ಒಂದು ಗಂಟೆ.

ಮಲ್ಪೆಯಿಂದ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳಿವೆ. ದೋಣಿ ಹತ್ತುವ ಮೊದಲೇ ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಿ. ಕೈಯಲ್ಲಿ ಹಿಡಿದುಕೊಂಡರೆ, ಕುಳಿತಲ್ಲಿ ಅಡಿಗೆ ಹಾಕಿಕೊಂಡರೆ ಅದರಿಂದ ಪ್ರಯೋಜನವಿಲ್ಲ, ಗುಂಡಿ ಅಥವಾ ಪಟ್ಟಿ ಕಟ್ಟಿರಬೇಕು. ಇಳಿಯುವಾಗ ಕಾಲು ಒದ್ದೆಯಾಗಬಹುದು, ಆದ್ದರಿಂದ ಸೀರೆ, ಉದ್ದ ಲಂಗಕ್ಕಿಂತ ಮೊಣಕಾಲವರೆಗೆ ಮಡಚಬಹುದಾದ ಉಡುಪು ಅನುಕೂಲ. ಮೊಬೈಲ್ ಫೋನ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಇಳಿದ ಮೇಲೆ ಮೊದಲು ತೆಂಗಿನ ಮರಗಳ ನೆರಳಿಗೆ ಹೋಗಿ ಚೀಲಗಳನ್ನಿಟ್ಟು ಎಲ್ಲರೂ ಒಟ್ಟುಗೂಡಿ. ಅಲ್ಲಿಂದ ಮರಗಳ ನಡುವಿನ ದಾರಿ ಹಿಡಿದು ದ್ವೀಪದ ಉದ್ದಕ್ಕೂ ನಡೆಯಬಹುದು. ನೆಲ ಹೆಚ್ಚು ಕಡಿಮೆ ಸಮತಟ್ಟು. ಕಂಬಶಿಲೆಗಳನ್ನು ಹತ್ತಿರದಿಂದ ನೋಡಲು ಹತ್ತಲೇಬೇಕೆಂದಿಲ್ಲ. ಪಕ್ಕದಲ್ಲಿ ನಿಂತರೆ ಮುಖಗಳೂ ಬಿರುಕುಗಳೂ ಚೆನ್ನಾಗಿ ಕಾಣುತ್ತವೆ, ಮೇಲೆ ಹತ್ತಿದವರಿಗೆ ಬರೀ ತುದಿ ಕಾಣುತ್ತದೆ.

ದಡದ ಕೆಲವು ಕಡೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಬರಿಗಾಲಲ್ಲಿ ನಡೆದರೆ ಕಾಲು ಕೊಯ್ಯುತ್ತದೆ. ಹಿಂದೆ ಪಟ್ಟಿ ಇರುವ, ಅಡಿ ಜಾರದ ಚಪ್ಪಲಿ ಬೇಕು. ಖಾಲಿಯಾಗಿ ಕಾಣುವ ಚಿಪ್ಪಿನೊಳಗೆ ಸನ್ಯಾಸಿ ಏಡಿ ಇರಬಹುದು. ತನ್ನದೇ ಗಟ್ಟಿ ಚಿಪ್ಪಿಲ್ಲದ ಈ ಜೀವಿ ಸತ್ತ ಶಂಖದ ಹುಳುವಿನ ಮನೆಯನ್ನು ತನ್ನ ಮನೆ ಮಾಡಿಕೊಳ್ಳುತ್ತದೆ, ಬೆಳೆದಂತೆ ದೊಡ್ಡ ಮನೆಗೆ ಬದಲಾಗುತ್ತದೆ. ನಾವು ಚೀಲ ತುಂಬಾ ಚಿಪ್ಪು ತಂದರೆ ಅವುಗಳಿಗೆ ಮನೆ ಇಲ್ಲದಂತಾಗುತ್ತದೆ. ಕೆಲವು ಜಾತಿಯ ಶಂಖಗಳು ಮತ್ತು ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಇದೆ. ನೋಡಿ, ಫೋಟೋ ತೆಗೆದು, ಇದ್ದಲ್ಲೇ ಬಿಟ್ಟು ಬರುವುದು ಉತ್ತಮ.

ಪಶ್ಚಿಮದ ಬದಿ ತೆರೆದ ಸಮುದ್ರಕ್ಕೆ ಮುಖ ಮಾಡಿದೆ. ಇಲ್ಲಿನ ಬಂಡೆಗಳ ಮೇಲೆ ಹಸಿರು ಕಪ್ಪು ಪಾಚಿ ಬೆಳೆದಿರುತ್ತದೆ. ಒಣಗಿದಂತೆ ಕಂಡರೂ ಜಾರುತ್ತದೆ. ಒದ್ದೆ ಇರುವ ಬಂಡೆ ಎಂದರೆ ಅಲೆ ಅಲ್ಲಿವರೆಗೆ ಬಂದಿತ್ತು ಎಂದರ್ಥ, ಮತ್ತೆಯೂ ಬರುತ್ತದೆ. ಒದ್ದೆ ಬಂಡೆಗೆ ಕಾಲಿಡಬಾರದು ಎಂಬ ಒಂದೇ ನಿಯಮವನ್ನು ಮಕ್ಕಳ ಬಾಯಿಪಾಠ ಮಾಡಿಸಿದರೂ ಅರ್ಧ ಅಪಾಯ ಕಳೆಯುತ್ತದೆ.

ಎರಡನೇ ನಡಿಗೆ: ಮಲ್ಪೆ ಕಡಲ ತೀರ ಮತ್ತು ಸಮುದ್ರ ನಡಿಗೆ ಪಥ

ದೂರ: ಹೋಗಿ ಬರಲು ಸುಮಾರು ಒಂದು ಕಿ.ಮೀ. ಸಮಯ: ಮುಕ್ಕಾಲು ಗಂಟೆ.

ಬಂದರಿನ ಬಳಿ ನದಿ ಸಮುದ್ರ ಸೇರುವ ಕಡೆ ಅಲೆತಡೆ ಗೋಡೆಯ ಮೇಲೆ ನಿರ್ಮಿಸಿದ ನಡಿಗೆ ಪಥ 2018ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಉದ್ದ ಅರ್ಧ ಕಿ.ಮೀ. ಆಸುಪಾಸು. ನೆಲ ಸಮತಟ್ಟು, ಬದಿಗೆ ಕುಳಿತುಕೊಳ್ಳಲು ಜಾಗವಿದೆ. ದೋಣಿ ಹತ್ತಲಾರದ ಹಿರಿಯರು, ಮೊಣಕಾಲು ನೋವಿನವರು, ಗರ್ಭಿಣಿಯರು, ಕೈಕೂಸಿನ ತಾಯಂದಿರು ಇಲ್ಲಿ ನಡೆದು ಕುಳಿತು ಸಮುದ್ರ ನೋಡಬಹುದು. ಗುಂಪಿನಲ್ಲಿ ಅಂಥವರಿದ್ದರೆ ದೋಣಿ ಹೋಗಿ ಬರುವವರೆಗೆ ಅವರ ಜೊತೆ ಒಬ್ಬಿಬ್ಬರು ಸ್ವಯಂಸೇವಕರನ್ನು ನಿಲ್ಲಿಸಿ. ಅವರನ್ನು ಬಸ್ಸಿನಲ್ಲೇ ಕೂರಿಸಿ ಹೋಗುವುದು ಸರಿಯಲ್ಲ.

ಪಥದ ಮೇಲಿಂದ ಮೀನುಗಾರಿಕಾ ದೋಣಿಗಳು ಬಂದರಿಗೆ ಬರುವುದು ಹೋಗುವುದು ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಉಳಿದ ದಿನಗಳಲ್ಲಿ ಬಂದರು ಗಿಜಿಗುಟ್ಟುತ್ತದೆ. ಬಂದರಿನೊಳಗೆ ಮೀನು ಇಳಿಸುವ ಜಾಗ ಅವರ ಕೆಲಸದ ಜಾಗ. ಅಡ್ಡ ನಿಂತು ಫೋಟೋ ತೆಗೆಯದೆ, ದೂರದಿಂದ ನೋಡಿ ಬನ್ನಿ. ಪಥದ ಪಕ್ಕದ ಅಲೆತಡೆ ಕಲ್ಲುಗಳಿಗೆ ಇಳಿಯಬಾರದು. ಕಲ್ಲುಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.

ಮೂರನೇ ನಡಿಗೆ: ಕಾಪು ತೀರ ಮತ್ತು ದೀಪಸ್ತಂಭ

ದೂರ: ತೀರದಲ್ಲಿ ನಿಮಗೆ ಬೇಕಾದಷ್ಟು. ಸಮಯ: ಸಂಜೆ ಒಂದೂವರೆ ಗಂಟೆ.

ನಮ್ಮ ರಾಜ್ಯದಲ್ಲಿ ದ್ವೀಪದ ಮೇಲೆಯೇ ಇರುವ ದೀಪಸ್ತಂಭ ನೋಡಬೇಕಾದರೆ ಕಾರವಾರದ ಎದುರಿನ ದೇವಗಡ ದ್ವೀಪದ ಕಡೆ ಹೋಗಬೇಕು. ಆದರೆ ಸಂತ ಮರಿಯ ದ್ವೀಪಕ್ಕೆ ಬಂದವರಿಗೆ ಹತ್ತಿರದಲ್ಲೇ ಕಾಪು ಇದೆ. ಉಡುಪಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 12 ಕಿ.ಮೀ. ಮಂಗಳೂರಿನ ಕಡೆಯಿಂದ ಬಂದವರಿಗೆ ಮನೆಗೆ ಹಿಂದಿರುಗುವ ದಾರಿಯಲ್ಲೇ ಸಿಗುತ್ತದೆ.

ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಸ್ತಂಭದ ಎತ್ತರ ಸುಮಾರು 27 ಮೀಟರ್. ಕಡಲ ಅಂಚಿನ ದೊಡ್ಡ ಬಂಡೆಯೊಂದರ ಮೇಲೆ ನಿಂತಿರುವುದರಿಂದ ಇನ್ನೂ ಎತ್ತರವಾಗಿ ಕಾಣುತ್ತದೆ. ಬಂಡೆಗೆ ಮೆಟ್ಟಿಲುಗಳಿವೆ. ಸ್ತಂಭದ ಒಳಗೆ ಹತ್ತಲು ಸಾಮಾನ್ಯವಾಗಿ ಸಂಜೆ ಕೆಲವು ಹೊತ್ತು ಅವಕಾಶ ಕೊಡುತ್ತಾರೆ, ಅಂದಿನ ಸಮಯವನ್ನು ಅಲ್ಲೇ ಕೇಳಿಕೊಳ್ಳಿ. ಒಳಗಿನ ಮೆಟ್ಟಿಲು ಕಿರಿದು ಮತ್ತು ಕಡಿದು. ಹೃದಯದ ತೊಂದರೆ, ತಲೆಸುತ್ತು ಇರುವವರು ಬಂಡೆಯ ಮೇಲೆ ಕುಳಿತು ನೋಡಿದರೂ ಸಾಕು. ಡಿಸೆಂಬರ್ ಜನವರಿಯಲ್ಲಿ ಸಂಜೆ ಆರರಿಂದ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಐದು ಗಂಟೆಗೆ ಅಲ್ಲಿರುವುದು ಒಳ್ಳೆಯದು.

ದೀಪಸ್ತಂಭ ಕೆಲಸ ಮಾಡುವ ಬಗೆಯನ್ನು ಮಕ್ಕಳಿಗೆ ಹೀಗೆ ಹೇಳಬಹುದು. ಸಾಧಾರಣ ದೀಪದ ಬೆಳಕು ಎಲ್ಲ ಕಡೆ ಚದುರುತ್ತದೆ. ದೀಪದ ಸುತ್ತ ಉಂಗುರ ಉಂಗುರವಾಗಿ ಕತ್ತರಿಸಿದ ಗಾಜಿನ ಮಸೂರ ಇಟ್ಟರೆ ಅದು ಬೆಳಕನ್ನೆಲ್ಲ ಒಟ್ಟುಗೂಡಿಸಿ ಒಂದೇ ದಿಕ್ಕಿಗೆ ಕಳಿಸುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಇದನ್ನು ರೂಪಿಸಿದ. ಮಸೂರ ತಿರುಗಿದಾಗ ದೂರದ ನಾವಿಕನಿಗೆ ಬೆಳಕು ಮಿಂಚಿ ಮಾಯವಾದಂತೆ ಕಾಣುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಎಂಬುದು ಒಂದೊಂದು ಸ್ತಂಭಕ್ಕೂ ಬೇರೆ. ಮಿಂಚು ಎಣಿಸಿ, ಪಟ್ಟಿ ನೋಡಿ, "ಇದು ಕಾಪು" ಎಂದು ಕತ್ತಲಲ್ಲೂ ತಿಳಿಯಬಹುದು. ಹಗಲಲ್ಲಿ ಗುರುತು ಸ್ತಂಭದ ಬಣ್ಣ. ಎಣ್ಣೆಯ ದೀಪವಿದ್ದ ಕಾಲ ಹೋಗಿ ವಿದ್ಯುತ್ ಬಂತು, ಹಡಗುಗಳಿಗೆ ಉಪಗ್ರಹದ ದಾರಿತೋರಕವೂ ಬಂತು. ಆದರೂ ಯಂತ್ರ ಕೈಕೊಟ್ಟ ರಾತ್ರಿ ಸಣ್ಣ ದೋಣಿಯವರು ಹುಡುಕುವುದು ದಡದ ಬೆಳಕನ್ನೇ.

ಕಾಪು ತೀರದಲ್ಲಿ ನೀರಿಗಿಳಿಯಬಾರದು. ಬಂಡೆಗಳಿರುವ ಕಡೆ ನೀರಿನ ಸೆಳೆತ ಜೋರು. ನೀರಾಟ ಬೇಕೇ ಬೇಕು ಎನ್ನುವವರು ಜೀವರಕ್ಷಕರು ಕಾವಲಿರುವ, ಬಾವುಟ ನೆಟ್ಟು ಗುರುತು ಮಾಡಿದ ತೀರಕ್ಕೆ ಹೋಗಲಿ. 2020ರಲ್ಲಿ ಬ್ಲೂ ಫ್ಲಾಗ್ ಮನ್ನಣೆ ಪಡೆದ ಪಡುಬಿದ್ರಿ ತೀರ ಇದೇ ಹೆದ್ದಾರಿಯಲ್ಲಿ ಇನ್ನೂ ದಕ್ಷಿಣಕ್ಕಿದೆ.

ಸೆಳೆತಕ್ಕೆ ಸಿಕ್ಕಿದರೆ

ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗಲು ದಾರಿ ಬೇಕು. ಬಂಡೆಯ ಪಕ್ಕ ಅಥವಾ ಮರಳಿನ ತಗ್ಗಿನಲ್ಲಿ ಆ ನೀರೆಲ್ಲ ಸೇರಿ ತೋಡಿನಂತೆ ಕಡಲಿನತ್ತ ಹರಿಯುತ್ತದೆ. ಇದೇ ಸೆಳೆತ. ಅಲೆ ಏಳುವ ಜಾಗಗಳ ನಡುವೆ ಅಲೆಯೇ ಇಲ್ಲದೆ ಶಾಂತವಾಗಿ ಕಾಣುವ ಪಟ್ಟಿ ಹೆಚ್ಚಾಗಿ ಸೆಳೆತದ ಜಾಗ. ತಿಳಿಯದವರು ಅದೇ ಸುರಕ್ಷಿತ ಎಂದು ಅಲ್ಲಿಗೇ ಇಳಿಯುತ್ತಾರೆ.

ಸಿಕ್ಕಿಕೊಂಡವರು ನೇರವಾಗಿ ದಡಕ್ಕೆ ಈಜಲು ಹೋದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ನಂತರ ದಡಕ್ಕೆ ಬರಬೇಕು. ಈಜಲಾಗದಿದ್ದರೆ ಬೆನ್ನ ಮೇಲೆ ತೇಲುತ್ತಾ ಕೈ ಎತ್ತಿ ಕೂಗಬೇಕು.

ದಡದಲ್ಲಿದ್ದವರು ಹಿಂದೆಮುಂದೆ ನೋಡದೆ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಉದಾಹರಣೆಗಳು ನಮ್ಮ ಊರುಗಳಲ್ಲೇ ಇವೆ. ಹಗ್ಗ, ಜೀವರಕ್ಷಕ ಜಾಕೆಟ್, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಏನು ತೇಲುತ್ತದೋ ಅದನ್ನು ಎಸೆಯಿರಿ, ದೋಣಿಯವರನ್ನು ಕರೆಯಿರಿ. ಮೇಲೆತ್ತಿದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದರಲ್ಲಿ ಸಮಯ ಕಳೆಯಬೇಡಿ. ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಲು ಆರಂಭಿಸಬೇಕು. ಗುಂಪಿನಲ್ಲಿ ಇದನ್ನು ಕಲಿತ ನರ್ಸ್ ಒಬ್ಬರಾದರೂ ಇದ್ದರೆ ದೊಡ್ಡ ಧೈರ್ಯ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪೊಲೀಸರಿಗೆ 1093.

ಗುಂಪಿನ ಹೊಣೆ ಹೊತ್ತವರಿಗೆ

1. ಹೆಸರಿನ ಪಟ್ಟಿ ಎರಡು ಪ್ರತಿ ಮಾಡಿ. ಒಂದು ನಿಮ್ಮ ಕೈಯಲ್ಲಿ, ಇನ್ನೊಂದು ಮಲ್ಪೆಯಲ್ಲಿ ಉಳಿಯುವವರ ಕೈಯಲ್ಲಿ. ಮನೆಯವರ ಫೋನ್ ನಂಬರ್ ಜೊತೆಗಿರಲಿ. ಮಕ್ಕಳಾದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಪಡೆಯಿರಿ.

2. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಬೇಕು. ಆ ದೊಡ್ಡವರಿಗೆ ಅಡುಗೆ, ಫೋಟೋ ಮುಂತಾದ ಬೇರೆ ಕೆಲಸ ಕೊಡಬೇಡಿ.

3. ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ. "ನಿನ್ನ ಜೋಡಿ ಎಲ್ಲಿ?" ಎಂದು ಕೇಳಿದರೆ ಉತ್ತರ ಸಿಗಬೇಕು.

4. ನಾಲ್ಕು ಸಲ ತಲೆ ಎಣಿಸಿ. ಮಲ್ಪೆಯಲ್ಲಿ ದೋಣಿ ಹತ್ತುವಾಗ, ದ್ವೀಪದಲ್ಲಿ ಇಳಿದಾಗ, ದ್ವೀಪ ಬಿಡುವಾಗ, ಮತ್ತೆ ಮಲ್ಪೆಯಲ್ಲಿ. ಎರಡು ದೋಣಿಗಳಿದ್ದರೆ ಪ್ರತಿ ದೋಣಿಗೂ ಬೇರೆ ಪಟ್ಟಿ.

5. ಕುಡಿಯುವ ನೀರು ತಲಾ ಒಂದೂವರೆ ಲೀಟರ್‌ನಷ್ಟು ದಡದಿಂದಲೇ ಒಯ್ಯಿರಿ. ಟೋಪಿ ಅಥವಾ ಕೊಡೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಉದ್ದ ಹಗ್ಗ, ಒಂದು ಸೀಟಿ ಇರಲಿ.

6. ಮದ್ಯ ತರುವವರನ್ನು ದೋಣಿ ಹತ್ತಿಸಬೇಡಿ. ಈ ಮಾತಿನಲ್ಲಿ ಸಂಕೋಚ ಬೇಡ.

7. ಬಂಡೆಯ ಅಂಚಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡ. ಗುಂಪಿನ ಫೋಟೋವನ್ನು ಮುಖಂಡರೇ ತೆಂಗಿನ ಮರಗಳ ಕೆಳಗೆ ತೆಗೆಯಲಿ.

ದಿನದ ವೇಳಾಪಟ್ಟಿ

ಬೆಳಿಗ್ಗೆ ಒಂಬತ್ತೂವರೆಗೆ ಮಲ್ಪೆ ತಲುಪಿ. ಹತ್ತರ ಹೊತ್ತಿಗೆ ದೋಣಿ. ದ್ವೀಪದಲ್ಲಿ ಎರಡು ಗಂಟೆ ಸಾಕು, ಒಂದು ಗಂಟೆ ನಡಿಗೆ, ಉಳಿದದ್ದು ನೆರಳಲ್ಲಿ ವಿಶ್ರಾಂತಿ. ಒಂದು ಗಂಟೆಯೊಳಗೆ ಮಲ್ಪೆಗೆ ಹಿಂದಿರುಗಿ ಊಟ. ಬುತ್ತಿಯನ್ನು ದ್ವೀಪಕ್ಕೆ ಒಯ್ಯದೆ ದಡದಲ್ಲೇ ಉಂಡರೆ ಕಸವೂ ದ್ವೀಪಕ್ಕೆ ಹೋಗುವುದಿಲ್ಲ. ಮೂರು ಗಂಟೆಗೆ ನಡಿಗೆ ಪಥ. ನಾಲ್ಕೂಕಾಲಿಗೆ ಹೊರಟರೆ ಐದಕ್ಕೆ ಕಾಪು. ಸೂರ್ಯಾಸ್ತ ನೋಡಿ, ದೀಪ ಹತ್ತಿದ ಮೇಲೆ ಬಸ್ಸು ಹತ್ತಿ. ಉಡುಪಿಯವರು ಏಳೂವರೆಗೆ, ಮಂಗಳೂರಿನವರು ಎಂಟೂವರೆ ಒಂಬತ್ತಕ್ಕೆ ಮನೆ ಸೇರಬಹುದು. ವೇಳೆ ತಪ್ಪಿದರೆ ಒಂದು ಜಾಗ ಬಿಡಿ, ಆತುರದಿಂದ ದೋಣಿ ಹತ್ತಿಸಬೇಡಿ.

ದ್ವೀಪಕ್ಕೆ ಕಸ ತೆಗೆಯುವ ಗಾಡಿ ಬರುವುದಿಲ್ಲ. ಅಲ್ಲಿ ಬಿಟ್ಟ ಬಾಟಲಿ, ಚಿಪ್ಸ್ ಪೊಟ್ಟಣ ಗಾಳಿಗೆ ಸಮುದ್ರ ಸೇರುತ್ತದೆ, ಅಲ್ಲಿಂದ ಮೀನುಗಾರರ ಬಲೆಗೆ ಬರುತ್ತದೆ. ಪ್ರತಿ ಗುಂಪೂ ಎರಡು ಖಾಲಿ ಗೋಣಿಚೀಲ ಒಯ್ದು ತಮ್ಮ ಕಸವನ್ನು, ಸಾಧ್ಯವಾದರೆ ಇತರರು ಬಿಟ್ಟದ್ದನ್ನೂ ತುಂಬಿ ತರಲಿ.

ಎಂಟೂವರೆ ಕೋಟಿ ವರ್ಷಗಳಿಂದ ನಿಂತ ಕಲ್ಲುಗಳು ನಾಳೆಯೂ ಅಲ್ಲೇ ಇರುತ್ತವೆ. ಸಮುದ್ರ ಒರಟಾದ ದಿನ ಹೋಗದಿದ್ದರೆ ನಷ್ಟವೇನಿಲ್ಲ, ಇನ್ನೊಂದು ವಾರ ಹೋಗಬಹುದು. ನಲವತ್ತು ಮಂದಿ ಹೋದರೆ ನಲವತ್ತು ಮಂದಿಯೂ ಹಿಂದಿರುಗಿದ್ದಾರೆ ಎಂದು ಮಲ್ಪೆಯ ದಡದಲ್ಲಿ ನಾಲ್ಕನೇ ಸಲ ಎಣಿಸಿ ಮುಗಿಸಿದಾಗಲೇ ಆ ಪ್ರವಾಸ ಚೆನ್ನಾಗಿ ನಡೆಯಿತು ಎನ್ನಬೇಕು. ಈ ರಜೆಯಲ್ಲಿ ಹೊರಡುವ ಎಲ್ಲ ಗುಂಪುಗಳಿಗೂ ಶುಭ ಪ್ರಯಾಣ.